ಕುತ್ತಿಗೆ ಹಿಡಿದ ಹಾಸ್ಟೆಲ್

ದಾವಣಗೆರೆಯ ಎಂಜಿನಿಯರಿಂಗ್ ಹಾಸ್ಟೆಲೊಂದು. ರಾತ್ರಿ ಹನ್ನೊಂದಾಗಿದೆ. ಪ್ರಾಜೆಕ್ಟ್ ರಿಪೋರ್ಟ್ ಒಪ್ಪಿಸುವ ವಾರ. ಕೋಣೆಯಲ್ಲಿ ಮೂರು ಕಬ್ಬಿಣದ ಮಂಚ, ಒಂದೇ ಮೇಜು. ಅದರ ಮೇಲೂ ಒಗೆದ ಬಟ್ಟೆ, ಚಾರ್ಜರುಗಳು, ಊರಿಂದ ಬಂದ ಚಟ್ನಿಪುಡಿ ಡಬ್ಬಿ. ಹಾಗಾಗಿ ಓದು ಬರಹವೆಲ್ಲ ಮಂಚದ ಮೇಲೆಯೇ.

ಗೋಡೆಗೆ ದಿಂಬು ಆನಿಸಿ ಕೂತವನೊಬ್ಬ ಜಾರುತ್ತ ಜಾರುತ್ತ ಈಗ ಅರ್ಧ ಮಲಗಿದ್ದಾನೆ. ಸೊಂಟಕ್ಕೆ ಆಸರೆಯಿಲ್ಲ, ಗದ್ದ ಎದೆಗೆ ಅಂಟಿದೆ, ಲ್ಯಾಪ್‌ಟಾಪ್ ಹೊಟ್ಟೆಯ ಮೇಲಿದೆ. ಇನ್ನೊಬ್ಬ ಬೋರಲು ಮಲಗಿ, ಮೊಣಕೈ ಊರಿ ಟೈಪ್ ಮಾಡುತ್ತಾನೆ. ನಡುನಡುವೆ ಕೈ ಕೊಡವುತ್ತಾನೆ. ಮೊಣಕೈಯಲ್ಲಿ ಹಾದುಹೋಗುವ ನರ ಒತ್ತಿ, ಕಿರುಬೆರಳು ಉಂಗುರಬೆರಳುಗಳಿಗೆ ಜೋಮು ಹಿಡಿದಿದೆ. ಮೂರನೆಯವನದು ಚಕ್ಕಳಮಕ್ಕಳ. ತೊಡೆ ಸುಡುತ್ತದೆಂದು ಯಂತ್ರದ ಕೆಳಗೆ ದಿಂಬು ತುರುಕಿದ. ಗಾಳಿಕಿಂಡಿ ಮುಚ್ಚಿಹೋಗಿ ಒಳಗಿನ ಫ್ಯಾನ್ ಇನ್ನೂ ಜೋರಾಗಿ ಗೊರಗುಟ್ಟಿತು.

"ಲೇ, ಕುತ್ತಿಗಿ ಹಿಡ್ಕಂಡೈತಿ. ಅಮೃತಾಂಜನ ಎಲ್ಲೈತಲೇ?"

"ಖಾಲಿ ಆತು. ಬಾಜು ರೂಮಿನಾಗ ಕೇಳು."

ಬಾಜು ರೂಮಿನವರೂ ಅದನ್ನೇ ಹುಡುಕುತ್ತಿದ್ದರು.

ಮನೆಯಲ್ಲಿ ಹೇಳಿದರೆ "ನೆಟ್ಟಗ ಕುಂದ್ರಾಕೇನು ಬ್ಯಾನಿ?" ಎಂಬ ಉತ್ತರ. ನನ್ನ ಕೇಳಿದರೆ, ತಪ್ಪು ಯಂತ್ರದ್ದೇ ಹೆಚ್ಚು. 1982ರ ಗ್ರಿಡ್ ಕಂಪಾಸ್ ಎಂಬ ಲ್ಯಾಪ್‌ಟಾಪಿನಿಂದ ಹಿಡಿದು ಇಂದಿನವರೆಗೂ ಪರದೆ, ಕೀಲಿಮಣೆ ಒಂದೇ ಕೀಲಿಗೆ ಕಟ್ಟುಬಿದ್ದಿವೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರೆ ತೋಳು ಸೋಲುತ್ತದೆ, ಕೈಗೆ ಹದವಾಗಿ ಇಳಿಸಿದರೆ ಕುತ್ತಿಗೆ ಬಾಗಲೇಬೇಕು. ದೊಡ್ಡವರ ತಲೆಯ ತೂಕ ಸುಮಾರು ಐದು ಕಿಲೋ. ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಹಾಕಿದ ಲೆಕ್ಕದಂತೆ, ತಲೆ 60 ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲಿನ ಭಾರ ಸುಮಾರು 27 ಕಿಲೋ. ಅರ್ಧ ಮೂಟೆ ಸಿಮೆಂಟಿಗಿಂತ ಹೆಚ್ಚು. ಸಿವಿಲ್ ಹುಡುಗರಿಗೆ ಬೇಗ ತಿಳಿದೀತು.

ಪುರಾಣ ಓದುತ್ತಿದ್ದ ನಮ್ಮ ಹಿರಿಯರೂ ನೆಲದ ಮೇಲೇ ಕೂರುತ್ತಿದ್ದರು. ಆದರೆ ಗ್ರಂಥ ವ್ಯಾಸಪೀಠದ ಮೇಲಿರುತ್ತಿತ್ತು. ಹಾಸ್ಟೆಲಿನಲ್ಲಿ ವ್ಯಾಸಪೀಠವಿಲ್ಲದಿದ್ದರೇನು, ಗ್ರೇವಾಲರ ಸಾವಿರ ಪುಟ ಮೀರಿದ ಎಂಜಿನಿಯರಿಂಗ್ ಗಣಿತವಂತೂ ಇದೆ. ಅಂಥ ಎರಡು ಪುಸ್ತಕ ಪೇರಿಸಿ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪ್ರತ್ಯೇಕ ಕೀಬೋರ್ಡ್, ಮೌಸ್ ಸಿಕ್ಕಿಸಿಕೊಂಡರೆ ಅರ್ಧ ನೋವು ಇಳಿದೀತು. ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬರುವುದಕ್ಕೆ ಆ ದುಡ್ಡೂ ಬೇಡ.

ಆದರೆ ಇದಕ್ಕೆಲ್ಲ ಮೊದಲು ಮೇಜು ಬೇಕಲ್ಲ. ವಾರ್ಡನ್ನರೇ, ಮಂಚಕ್ಕೊಂದು ಮೇಜು, ಬೆನ್ನಾಸರೆಯ ಕುರ್ಚಿ ಹಾಕಿಸಿಕೊಡಿ. ವೈಫೈ ವೇಗದ ಮಾತು ಆಮೇಲೆ ನೋಡೋಣ.