ಬಳೆ, ಗುಂಡಿ, ನಾಲ್ಕು ಕವಡೆ: ಹೈದರಾಬಾದ್ ಕನ್ನಡ ಮನೆಗಳಲ್ಲಿ ಪುಟಾಣಿಗಳ ಆಟದ ಪಾಠಕ್ಕೆ ಯೋಜನೆ ಹೇಗೆ?

ಹೈದರಾಬಾದ್‌ನ ಸುಲ್ತಾನ್ ಬಜಾರ್‌ಗೆ ಜನ ಬಳೆ, ಬಟ್ಟೆ, ಲೇಸು ಕೊಳ್ಳಲು ಹೋಗುತ್ತಾರೆ. ಮನೆಯಲ್ಲಿ ಮೂರರಿಂದ ಆರು ವರ್ಷದ ಮಗುವಿದ್ದರೆ ಅಲ್ಲಿಂದ ಇನ್ನೊಂದನ್ನೂ ತರಬಹುದು: ಒಂದು ವಾರದ ಪಾಠ. ಒಂದು ಡಜನ್ ಬಳೆ, ಒಂದು ಹಿಡಿ ಗುಂಡಿ ಇದ್ದರೆ ಸಾಕು. ಆದರೆ ತಂದು ಮಗುವಿನ ಮುಂದೆ ಸುರಿದುಬಿಟ್ಟರೆ ಪಾಠವಾಗುವುದಿಲ್ಲ. ಸ್ವಲ್ಪ ಮುಂಚಿತವಾಗಿ ಯೋಚಿಸಬೇಕು.

ಈ ಮಾತು ಇಲ್ಲಿನ ಕನ್ನಡಿಗರಿಗೆ ಹೆಚ್ಚು ಅನ್ವಯಿಸುತ್ತದೆ. ಸುಲ್ತಾನ್ ಬಜಾರ್‌ಗೆ ಹತ್ತಿರದ ಕಾಚಿಗುಡದಲ್ಲಿ ನೃಪತುಂಗ ಶಾಲೆಯಿದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ. ಆದರೂ ಬಹಳಷ್ಟು ಮಕ್ಕಳು ಹೋಗುವುದು ಇಂಗ್ಲಿಷ್ ನರ್ಸರಿಗೆ. ಗೆಳೆಯರೊಂದಿಗೆ ತೆಲುಗು, ಅಂಗಡಿಯಲ್ಲಿ ಹಿಂದಿ. ಕನ್ನಡಕ್ಕೆ ಉಳಿಯುವುದು ಸಂಜೆಯ ಒಂದೆರಡು ಗಂಟೆ ಮಾತ್ರ. ಆ ಹೊತ್ತೂ ಹೋಂವರ್ಕ್‌ಗೆ ಹೋದರೆ ಮಗುವಿನ ಕಿವಿಗೆ ಬೀಳುವ ಕನ್ನಡ ಇಷ್ಟೇ: ಕೂತ್ಕೋ, ಬರಿ, ಬೇಗ ತಿನ್ನು, ಮಲಗು. ಮನೆಮಾತು ಬರೀ ಅಪ್ಪಣೆಯ ಭಾಷೆಯಾದರೆ ಮಗು ಅದರಲ್ಲಿ ಕಥೆ ಹೇಳುವುದಾದರೂ ಹೇಗೆ?

ಸರ್ಕಾರದ ನೀತಿ ಏನು ಹೇಳುತ್ತದೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತ ಎಂದು ಕರೆದಿದೆ. ಇದಕ್ಕಾಗಿ 2022ರ ಅಕ್ಟೋಬರ್‌ನಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಪ್ರಕಾರ 3ರಿಂದ 6 ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕವೇ ಇರಬಾರದು. ಗೊಂಬೆ, ಒಗಟು, ಚಿತ್ರಪಟಗಳಿರುವ 'ಜಾದೂಯಿ ಪಿಟಾರಾ' ಪೆಟ್ಟಿಗೆ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಇನ್ನು 2021ರ ನಿಪುಣ್ ಭಾರತ್ ಕಾರ್ಯಕ್ರಮ ಒಂದನೇ ತರಗತಿಗೆ ಮುಂಚಿನ ಬಾಲವಾಟಿಕೆಗೆ ಇಟ್ಟಿರುವ ಗುರಿಗಳಲ್ಲಿ 10ರವರೆಗಿನ ಅಂಕಿ ಗುರುತಿಸುವುದು ಒಂದು. ನಾಲ್ಕು ವರ್ಷದ ಮಗುವಿನಿಂದ ನೂರರವರೆಗೆ ಬರೆಸುವುದು ಈ ಗುರಿಯಲ್ಲಿ ಎಲ್ಲೂ ಇಲ್ಲ.

ಅದೇ ಚೌಕಟ್ಟು ಆಟವನ್ನು ಮೂರು ಬಗೆಯಾಗಿ ನೋಡುತ್ತದೆ. ಮಗು ತನ್ನಿಷ್ಟದಂತೆ ಆಡುವುದು ಮುಕ್ತ ಆಟ. ದೊಡ್ಡವರು ಜೊತೆಗೆ ಕೂತು ಪ್ರಶ್ನೆ ಕೇಳುತ್ತಾ ಮುಂದುವರಿಸುವುದು ಮಾರ್ಗದರ್ಶಿತ ಆಟ. ನಿಯಮವಿರುವುದು ರಚಿತ ಆಟ. ಯೋಜನೆ ಎಂದರೆ ಒಂದೇ ವಸ್ತುವನ್ನು ಈ ಮೂರೂ ಬಗೆಯಲ್ಲಿ ಬಳಸುವುದು, ಅಷ್ಟೇ.

ಬಳೆಯನ್ನೇ ತೆಗೆದುಕೊಳ್ಳಿ

ಗಾಜಿನ ಬಳೆ ಬೇಡ. ಪ್ಲಾಸ್ಟಿಕ್ ಅಥವಾ ಲೋಹದ್ದು ಇರಲಿ. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಹೀಗೆ ಬೇರೆ ಬೇರೆ ಅಳತೆಯವು ಬೇಕು. ಮೊದಲೆರಡು ದಿನ ಏನೂ ಹೇಳಿಕೊಡಬೇಡಿ. ಮಗು ಉರುಳಿಸಲಿ, ಗೋಪುರ ಕಟ್ಟಲಿ, ಕಿವಿಗೆ ನೇತುಹಾಕಿಕೊಳ್ಳಲಿ. ನೀವು ನೋಡುತ್ತಿರಿ. ಸುಮ್ಮನೆ ನೋಡುವುದೇ ನಮಗೆ ಬಹಳ ಕಷ್ಟದ ಕೆಲಸ ಅನ್ನುವುದು ಬೇರೆ ಮಾತು!

ಮೂರನೇ ದಿನ ಒಂದು ಪ್ರಶ್ನೆ: "ಇದರಲ್ಲಿ ನಿನ್ನ ಕೈಗೆ ಬಿಗಿ ಯಾವುದು, ಸಡಿಲ ಯಾವುದು?" ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುವುದು ಗಣಿತದ ಮೊದಲ ಮೆಟ್ಟಿಲು. ಅಂದು ಅಳತೆ ಮಾತ್ರ ಇರಲಿ, ಬಣ್ಣದ ಮಾತು ಮರುದಿನಕ್ಕೆ. ವಾರದ ಕೊನೆಗೆ ಅಂಗಡಿ ಆಟ. ಮಗು ಬಳೆಗಾರ, ಅಜ್ಜಿ ಗಿರಾಕಿ. ಚೌಕಾಸಿ ಕನ್ನಡದಲ್ಲೇ ನಡೆಯಲಿ. ಎಷ್ಟು, ಜಾಸ್ತಿಯಾಯ್ತು, ಇನ್ನೊಂದು ಕೊಡು, ಚಿಲ್ಲರೆ ಇಲ್ಲ ಎಂಬ ಮಾತುಗಳು ಆಗ ತಾವಾಗಿಯೇ ಬರುತ್ತವೆ.

ನಡುವೆ ಮಗು "ಅಮ್ಮಾ, ಎರ್ರ ಬಳೆ ಇವ್ವು" ಎಂದು ತೆಲುಗು ಬೆರೆಸಿದರೆ ಗದರಬೇಡಿ. "ಕೆಂಪು ಬಳೆ ಬೇಕಾ? ತಗೋ" ಎಂದು ಪೂರ್ತಿ ಕನ್ನಡದಲ್ಲಿ ಉತ್ತರಿಸಿದರೆ ಸಾಕು. ಹಲವು ಭಾಷೆ ಕೇಳಿ ಬೆಳೆಯುವ ಮಕ್ಕಳು ಹೀಗೆ ಬೆರೆಸುವುದು ಸಹಜ. ಇದು ಗೊಂದಲದ ಲಕ್ಷಣವಲ್ಲ.

ಐದು ದಾಟಿದವರಿಗೆ ಚೌಕಾಬಾರ

ನೆಲದ ಮೇಲೆ ಸೀಮೆಸುಣ್ಣದಿಂದ ಐದು ಸಾಲು, ಐದು ಕಂಬ ಸಾಲಿನ ಮನೆ ಬರೆಯಿರಿ. ನಾಲ್ಕು ಕವಡೆ ಬೇಕು. ಸಿಗದಿದ್ದರೆ ಸೀಳಿದ ಹುಣಸೆ ಬೀಜವೂ ಆಗುತ್ತದೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಎಂಟು. ಎಣಿಕೆ, ಸರದಿ ಕಾಯುವುದು, ಸೋಲು ತಡೆದುಕೊಳ್ಳುವುದು ಮೂರೂ ಒಂದೇ ಆಟದಲ್ಲಿ. ತೆಲುಗಿನಲ್ಲಿ ಇದೇ ಆಟ ಅಷ್ಟಾಚಮ್ಮಾ. ಹಾಗಾಗಿ ಪಕ್ಕದ ಮನೆಯ ಮಗುವಿಗೂ ಗೊತ್ತಿರಬಹುದು, ಕರೆಯಿರಿ.

ಪ್ರತಿದಿನ ಅರ್ಧ ಗಂಟೆ ಸಾಕು. ಮಲಗುವ ಮುಂಚೆ ಡೈರಿಯಲ್ಲಿ ಎರಡು ಸಾಲು ಬರೆದಿಡಿ: ಮಗು ಇಂದು ತಾನಾಗಿ ಏನು ಮಾಡಿತು, ಯಾವ ಹೊಸ ಪದ ಆಡಿತು. ಮುಂದಿನ ವಾರದ ಯೋಜನೆ ಹುಟ್ಟುವುದು ಅಲ್ಲಿಂದಲೇ. ಜೋಡಿಸುವ ಬದಲು ಮಗು ಬಳೆಯಲ್ಲಿ ರೈಲು ಮಾಡಿದ್ದರೆ, ಮುಂದಿನ ವಾರ ರೈಲೇ ವಿಷಯವಾಗಲಿ. ಸುಲ್ತಾನ್ ಬಜಾರ್ ಮೆಟ್ರೊ ನಿಲ್ದಾಣಕ್ಕೆ ಒಮ್ಮೆ ಕರೆದುಕೊಂಡು ಹೋಗಿ ಬನ್ನಿ.

ಕೊಳ್ಳುವಾಗ ಎಚ್ಚರ: ಗುಂಡಿ, ಕವಡೆ, ಬೀಜ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಆಟ ಮುಗಿದ ಕೂಡಲೇ ಎಣಿಸಿ ಡಬ್ಬಿಗೆ ಹಾಕಿ. ಎಣಿಸುವ ಕೆಲಸ ದೊಡ್ಡ ಮಗುವಿಗೇ ಕೊಡಿ. ಆಟಿಕೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನವರ ಆಟಿಕೆಗಳಿಗೆ ಅದು 2021ರ ಜನವರಿ 1ರಿಂದ ಕಡ್ಡಾಯ.