ಹಳೇ ಬೀದಿಯ ದೆವ್ವಗಳು: ಸದ್ದು ಬರೋದು ಎಲ್ಲಿಂದ?

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಯ ಹಳೇ ಬೀದಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ನಮ್ಮ ಕಡೆ ಬೀಗ ಬಿದ್ದ ಅಂಥ ಮನೆ ಕಂಡ್ರೆ ಸಾಕು, ಕಥೆ ಶುರು: ರಾತ್ರಿ ಮಾಳಿಗೆ ಮೇಲೆ ಯಾರೋ ನಡೀತಾರಂತೆ, ನರಳ್ತಾರಂತೆ, ಚೀರ್ತಾರಂತೆ.

ನಾವು ಎಂಜಿನಿಯರಿಂಗ್ ಓದೋರು, ಒಂದೊಂದಾಗಿ ನೋಡೋಣ. ಹಗಲಿಡೀ ಕಾದ ಮಾಳಿಗೆ ರಾತ್ರಿ ಆರುತ್ತೆ. ಆಗ ತೊಲೆ, ಜಂತಿಗಳು ಕುಗ್ಗಿ, ಸರಿದು, ಲಟಕ್ ಅನ್ನುತ್ತವೆ. ಅದೇ ‘ಹೆಜ್ಜೆ’. ಸೀಳುಬಿಟ್ಟ ಕದದ ಸಂದಿಯಲ್ಲಿ ಗಾಳಿ ನುಗ್ಗಿದ್ರೆ ಅಂಚಿನಲ್ಲಿ ಸುಳಿಗಳೆದ್ದು ಕೊಳಲಿನ ಹಾಗೆ ಸದ್ದಾಗುತ್ತೆ. ಅದೇ ‘ನರಳಾಟ’. ಇನ್ನು ಚೀರೋದು, ಪಾಳು ಗೋಡೆಯಲ್ಲಿ ಗೂಡು ಮಾಡಿದ ಕಣಜ ಗೂಬೆ.

ಇಷ್ಟಕ್ಕೇ ನಿಂತ್ರೆ ತಮಾಷೆ. ಆದ್ರೆ 1990ರ ದಶಕದ ‘ನಾಳೆ ಬಾ’ ನೆನಪಿಸಿಕೊಳ್ಳಿ. ಗುರುತಿನವರ ದನಿಯಲ್ಲಿ ದೆವ್ವ ಕರೆಯುತ್ತೆ, ಬಾಗಿಲು ತೆಗೆದ್ರೆ ಸಾವು ಅನ್ನೋ ವದಂತಿಗೆ ಹೆದರಿ ಬೆಂಗಳೂರೂ ಸೇರಿ ಹಲವು ಊರಲ್ಲಿ ಜನ ಕದದ ಮೇಲೆ ಹಾಗೆ ಬರೆದ್ರು. ಆ ರಾತ್ರಿ ಹೆರಿಗೆ ನೋವಂತಲೋ ಹಾವು ಕಚ್ಚಿತಂತಲೋ ನಿಜವಾಗಿ ಯಾರಾದ್ರೂ ಕದ ಬಡಿದಿದ್ರೆ?

ಕಥೆ ಇರ್ಲಿ, ಕೇಳೋಕೆ ಚಂದ. ಆದ್ರೆ ಸದ್ದಾದಾಗ, ಮೊದಲು ಕಿಟಕಿ ತೆಗೆದು ‘ಯಾರದು?’ ಅಂತ ಕೇಳೋಣ.