ಅಹವಾಲು ಯಾರಿಂದ, ಯಾರಿಗೆ?

ಕರ್ನಾಟಕದ ದಿನಪತ್ರಿಕೆಗಳಲ್ಲಿ ‘ಸಾರ್ವಜನಿಕರಿಂದ ಅಹವಾಲು ಸ್ವೀಕಾರ’ ಎಂಬ ಶೀರ್ಷಿಕೆ ಆಗಾಗ ಕಾಣಿಸುತ್ತದೆ. ಸೊಲ್ಲಾಪುರದ ಮರಾಠಿ ಪತ್ರಿಕೆಗಳಲ್ಲಿ ‘ಆಯುಕ್ತರು ಸಭಾಗೃಹಕ್ಕೆ ಅಹವಾಲ ಸಲ್ಲಿಸಬೇಕು’ ಎಂಬಂಥ ವಾಕ್ಯ ಬರುತ್ತದೆ. ಪದ ಒಂದೇ. ಅರಬ್ಬಿಯ ‘ಹಾಲ್’ ಎಂದರೆ ಸ್ಥಿತಿ. ಅದರ ಬಹುವಚನವೇ ‘ಅಹವಾಲ್’. ಫಾರಸಿಯ ದಾರಿಯಿಂದ ಬಂದ ಈ ಪದವನ್ನು ಎರಡು ಭಾಷೆಗಳೂ ತಮ್ಮದಾಗಿ ಮಾಡಿಕೊಂಡವು. ಆದರೆ ಕನ್ನಡದಲ್ಲಿ ಅಹವಾಲು ಎಂದರೆ ಕಷ್ಟದಲ್ಲಿರುವವರು ಅಧಿಕಾರದಲ್ಲಿರುವವರ ಮುಂದೆ ಮಾಡಿಕೊಳ್ಳುವ ಬಿನ್ನಹ. ಮರಾಠಿಯಲ್ಲಿ ಅಹವಾಲ ಎಂದರೆ ಅಧಿಕಾರದಲ್ಲಿರುವವರು ಸಭೆಗೆ ಒಪ್ಪಿಸಬೇಕಾದ ವರದಿ. ಒಂದರಲ್ಲಿ ಮಾತು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಇನ್ನೊಂದರಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯಬೇಕಾಗುತ್ತದೆ.

ಗ್ರಾಮಪಂಚಾಯತಿಯ ಸದಸ್ಯರು, ಪಂಚಾಯತ ಸಮಿತಿ ಹಾಗೂ ಜಿಲ್ಲಾ ಪರಿಷತ್ತಿನ ಸದಸ್ಯರು, ನಗರದ ನಗರಸೇವಕರು, ಇವರೆಲ್ಲರ ಕೆಲಸ ಈ ಎರಡು ಅರ್ಥಗಳ ನಡುವೆ ನಿಂತಿದೆ. ಜನರ ಅಹವಾಲನ್ನು ಕೇಳಿಸಿಕೊಂಡು, ಅದಕ್ಕೆ ಪ್ರತಿಯಾಗಿ ಆಡಳಿತದಿಂದ ಅಹವಾಲ ಪಡೆಯುವುದು ಅವರ ಹೊಣೆ. ಮೊದಲನೆಯದನ್ನು ಮಾತ್ರ ಮಾಡಿ ನಿಂತರೆ ಅವರು ಅರ್ಜಿ ಹೊರುವವರಾಗಿ ಉಳಿಯುತ್ತಾರೆ. ಎರಡನೆಯದನ್ನೂ ಮಾಡಿದಾಗಲೇ ‘ಉತ್ತರದಾಯಿತ್ವ’ ಎಂಬ ಭಾರವಾದ ಪದಕ್ಕೆ ಜೀವ ಬರುತ್ತದೆ.

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡಿಗ ಸದಸ್ಯರು ಈ ಕೆಲಸವನ್ನು ಮರಾಠಿಯ ಕಾಗದಪತ್ರಗಳ ಮೂಲಕ ಮಾಡುತ್ತಾರೆ. 1964ರ ರಾಜಭಾಷಾ ಕಾಯಿದೆಯಂತೆ ಮಹಾರಾಷ್ಟ್ರದ ಆಡಳಿತ ಭಾಷೆ ಮರಾಠಿ. ಎರಡೂ ಭಾಷೆಗಳಲ್ಲಿ ಒಂದೇ ರೂಪದಲ್ಲಿದ್ದು ಬೇರೆ ಬೇರೆ ಅರ್ಥ ಕೊಡುವ ಪದಗಳು ಈ ಕಾಗದಗಳಲ್ಲಿ ಸಾಕಷ್ಟಿವೆ. ಅವುಗಳಲ್ಲಿ ನಾಲ್ಕನ್ನು ಹಿಡಿದು ಹೊರಟರೆ ಸದಸ್ಯರ ಪರಿಶೀಲನಾ ಕಾರ್ಯದ ಇಡೀ ಕ್ರಮ ತಿಳಿಯುತ್ತದೆ.

ಇತಿವೃತ್ತ

ಕಾವ್ಯಮೀಮಾಂಸೆ ಓದಿದ ವಿದ್ಯಾರ್ಥಿಗಳಿಗೆ ಇತಿವೃತ್ತ ಎಂದರೆ ನಾಟಕದ ಕಥಾವಸ್ತು. ಭರತನು ಅದನ್ನು ನಾಟ್ಯದ ಶರೀರವೆಂದು ಕರೆದಿದ್ದಾನೆ. ಮರಾಠಿಯ ಆಡಳಿತದಲ್ಲಿ ಇತಿವೃತ್ತ ಎಂದರೆ ಸಭೆಯ ನಡಾವಳಿ. ಭರತನ ಮಾತು ಇಲ್ಲಿಗೂ ಒಪ್ಪುತ್ತದೆ: ನಡಾವಳಿಯೇ ಸಭೆಯ ಶರೀರ. ಸಭೆಯಲ್ಲಿ ಎಷ್ಟೇ ಗಟ್ಟಿಯಾಗಿ ಆಡಿದ ಮಾತಾದರೂ ನಡಾವಳಿಯಲ್ಲಿ ಸೇರದಿದ್ದರೆ ಆಡಳಿತದ ಪಾಲಿಗೆ ಅದು ಆಡಿದಂತೆಯೇ ಅಲ್ಲ.

ಗ್ರಾಮಪಂಚಾಯತಿಯ ಮಾಸಿಕ ಸಭೆಯಲ್ಲಿ ಮೊದಲು ಬರುವ ವಿಷಯ ‘ಹಿಂದಿನ ಸಭೆಯ ಇತಿವೃತ್ತ ಕಾಯಂ ಮಾಡುವುದು’. ಅನೇಕ ಕಡೆ ಇದು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಅನುಭವಿ ಸದಸ್ಯರು ಮಾತ್ರ ಇಲ್ಲಿಯೇ ಕಣ್ಣಿಡುತ್ತಾರೆ. ಕಳೆದ ಸಭೆಯಲ್ಲಿ ಒಪ್ಪದ ಖರ್ಚು ಒಪ್ಪಿದಂತೆ ಬರೆಯಲ್ಪಟ್ಟಿದೆಯೇ? ಠರಾವಿನ ಸೂಚಕರು, ಅನುಮೋದಕರು ಯಾರೆಂದು ಸರಿಯಾಗಿ ನಮೂದಾಗಿದೆಯೇ? ತಾವು ಹೇಳಿದ ವಿರೋಧ ದಾಖಲಾಗಿದೆಯೇ? ಮುಂದೆ ಯಾವುದಾದರೂ ಕಾಮಗಾರಿಯಲ್ಲಿ ನಷ್ಟವಾಗಿ ಹೊಣೆ ನಿಗದಿಯಾಗುವ ಹೊತ್ತಿಗೆ ಯಾರು ಒಪ್ಪಿದ್ದರು, ಯಾರು ಒಪ್ಪಿರಲಿಲ್ಲ ಎಂಬುದಕ್ಕೆ ಸಾಕ್ಷಿ ಈ ಪುಟವೇ. ಓದಿಸಿಕೊಳ್ಳದೆ ಸಹಿ ಮಾಡಿದ ಸದಸ್ಯರು ತಮ್ಮ ಬಾಯನ್ನು ತಾವೇ ಕಟ್ಟಿಕೊಂಡಂತೆ.

ಖುಲಾಸಾ

ಕನ್ನಡದಲ್ಲಿ ಖುಲಾಸೆ ಎಂದರೆ ಆರೋಪದಿಂದ ಬಿಡುಗಡೆ. ಮರಾಠಿಯಲ್ಲಿ ಖುಲಾಸಾ ಎಂದರೆ ವಿವರಣೆ. ‘ಅಧಿಕಾರಿಗಳಿಂದ ಖುಲಾಸಾ ಪಡೆಯಲಾಗಿದೆ’ ಎಂಬ ಸಾಲನ್ನು ಕನ್ನಡದ ಕಣ್ಣಿನಿಂದ ಓದಿದವರು ಅಧಿಕಾರಿ ನಿರ್ದೋಷಿ ಎಂದು ತೀರ್ಮಾನವಾಯಿತೆಂದು ತಿಳಿಯಬಹುದು. ನಿಜದಲ್ಲಿ ವಿಷಯ ಆಗಷ್ಟೇ ಆರಂಭವಾಗಿರುತ್ತದೆ. ವಿವರಣೆ ಬಂದಿದೆ, ಅದನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ಸಭೆ ಇನ್ನೂ ನೋಡಬೇಕಾಗಿದೆ.

ವಿವರಣೆ ಪಡೆಯುವ ಸಾಧನ ಪ್ರಶ್ನೆ. ಮಹಾನಗರಪಾಲಿಕೆಯ ಸದಸ್ಯರು ಆಡಳಿತದ ಬಗ್ಗೆ ಲಿಖಿತ ಪ್ರಶ್ನೆ ಕೇಳಬಹುದು. ತುರ್ತು ವಿಷಯಗಳಿಗೆ ‘ಲಕ್ಷವೇಧಿ’, ಅಂದರೆ ಗಮನ ಸೆಳೆಯುವ ಸೂಚನೆ ತರಬಹುದು. ಆದರೆ ಪ್ರಶ್ನೆಯ ರಚನೆಯ ಮೇಲೆ ಉತ್ತರದ ಬೆಲೆ ನಿಂತಿರುತ್ತದೆ. ಸೊಲ್ಲಾಪುರದ ನೀರಿನ ವಿಷಯವನ್ನೇ ತೆಗೆದುಕೊಳ್ಳಬಹುದು. ನಗರಕ್ಕೆ ನೀರು ಮುಖ್ಯವಾಗಿ ಮೂರು ಮೂಲಗಳಿಂದ ಬರುತ್ತದೆ: ಉಜನಿ ಜಲಾಶಯ, ಭೀಮಾ ನದಿಯ ಟಾಕಳಿ, ಹಿಪ್ಪರಗಿಯ ಕೆರೆ. ಹೀಗಿದ್ದರೂ ನಲ್ಲಿಯಲ್ಲಿ ದಿನಗಳ ಅಂತರದ ಮೇಲೆ ನೀರು ಬರುವುದು ಅನೇಕ ವರ್ಷಗಳ ದೂರು. ‘ನೀರು ಏಕೆ ಬರುತ್ತಿಲ್ಲ?’ ಎಂದು ಕೇಳಿದರೆ ‘ತಾಂತ್ರಿಕ ಕಾರಣಗಳಿಂದ’ ಎಂಬ ಉತ್ತರ ಸಾಕಾಗುತ್ತದೆ. ಮೂರು ಮೂಲಗಳಿಂದ ದಿನಕ್ಕೆ ಎತ್ತಿದ ನೀರು ಎಷ್ಟು, ಊರಿನ ತೊಟ್ಟಿಗಳಿಗೆ ಮುಟ್ಟಿದ್ದು ಎಷ್ಟು, ನಡುವೆ ಹೋದದ್ದು ಎಷ್ಟು, ಕಳೆದ ತಿಂಗಳು ಯಾವ ಪ್ರಭಾಗಕ್ಕೆ ಯಾವ ದಿನ ನೀರು ಬಿಡಲಾಯಿತು, ಈ ಲೆಕ್ಕ ಇಡುವ ಅಧಿಕಾರಿ ಯಾರು ಎಂದು ಬಿಡಿಬಿಡಿಯಾಗಿ ಕೇಳಿದರೆ ಪ್ರತಿಯೊಂದಕ್ಕೂ ಒಂದು ಅಂಕಿಯನ್ನೋ ಒಂದು ಹೆಸರನ್ನೋ ಕೊಡಲೇಬೇಕಾಗುತ್ತದೆ. ಮೇಜು ಗುದ್ದುವುದರಿಂದ ಮರುದಿನದ ಪತ್ರಿಕೆಗೆ ಚಿತ್ರ ಸಿಗುತ್ತದೆ. ಇಂಥ ಪ್ರಶ್ನೆಯಿಂದ ಮುಂದಿನ ಸಭೆಗೆ ಆಧಾರ ಸಿಗುತ್ತದೆ.

ಚೌಕಶೀ

ಕನ್ನಡದ ಚೌಕಾಸಿ ಸಂತೆಯ ಪದ. ಬೆಲೆ ಇಳಿಸಲು ಮಾಡುವ ವಾದ. ಮರಾಠಿಯ ಚೌಕಶೀ ಎಂದರೆ ವಿಚಾರಣೆ. ‘ಚೌಕಶೀ ಸಮಿತಿ’ ಚೌಕಾಸಿಯ ಸಮಿತಿಯಾಗಬಾರದು ಎಂಬ ಎಚ್ಚರಿಕೆ ಎರಡೂ ಭಾಷೆ ಬಲ್ಲವರಿಗೆ ತಾನಾಗಿ ಹೊಳೆಯುತ್ತದೆ.

ವಿಚಾರಣೆಗೆ ಆಧಾರ ಒದಗಿಸುವುದು ಮುಖ್ಯವಾಗಿ ಲೆಕ್ಕಪರಿಶೋಧನೆ. ಸ್ಥಳೀಯ ಸಂಸ್ಥೆಗಳ ಲೆಕ್ಕಪರಿಶೋಧನೆಗೆ ಈ ಪ್ರದೇಶದಲ್ಲಿ 1930ರ ಸ್ಥಾನಿಕ ನಿಧಿ ಕಾಯಿದೆಯಷ್ಟು ಹಳೆಯ ಅಡಿಪಾಯವಿದೆ. ಮಹಾನಗರಪಾಲಿಕೆಯಲ್ಲಿ ಮುಖ್ಯ ಲೆಕ್ಕಪರಿಶೋಧಕರು ತಾವು ಕಂಡ ಅಕ್ರಮಗಳನ್ನು ಸ್ಥಾಯಿ ಸಮಿತಿಯ ಗಮನಕ್ಕೆ ತರಬೇಕು. 16 ಸದಸ್ಯರ ಈ ಸಮಿತಿಯಲ್ಲಿ ಪ್ರತಿವರ್ಷ ಅರ್ಧದಷ್ಟು ಜನ ನಿವೃತ್ತರಾಗಿ ಹೊಸಬರು ಬರುತ್ತಾರೆ. ದೊಡ್ಡ ಗುತ್ತಿಗೆಗಳು ಅದರ ಮಂಜೂರಿಯಿಲ್ಲದೆ ಸಾಗುವುದಿಲ್ಲ. ಜಿಲ್ಲಾ ಪರಿಷತ್ತಿನಲ್ಲಿ ಶಿಕ್ಷಣ, ಆರೋಗ್ಯ, ಕೃಷಿ, ಸಮಾಜಕಲ್ಯಾಣ ಮುಂತಾದ ವಿಷಯ ಸಮಿತಿಗಳು ಆಯಾ ಇಲಾಖೆಯ ಕೆಲಸವನ್ನು ನೋಡುತ್ತವೆ. ವಿಧಾನಮಂಡಲದ ಪಂಚಾಯತ ರಾಜ್ ಸಮಿತಿಯೂ ಜಿಲ್ಲೆಗಳಿಗೆ ಬಂದು ಜಿಲ್ಲಾ ಪರಿಷತ್ತಿನ ಅಧಿಕಾರಿಗಳನ್ನು ಪ್ರಶ್ನಿಸುತ್ತದೆ.

ಹಳ್ಳಿಯ ಮಟ್ಟದಲ್ಲಿ ಇದು ಎಷ್ಟು ಸಣ್ಣ ವಿಷಯದಿಂದ ಆರಂಭವಾಗುತ್ತದೆ ಎಂಬುದಕ್ಕೆ ಕುಡಿಯುವ ನೀರಿಗೆ ಹಾಕುವ ಟಿಸಿಎಲ್ ಪುಡಿಯ ಉದಾಹರಣೆ ಸಾಕು. ಪುಡಿ ಕೊಂಡ ಪಾವತಿ ಒಂದು ಕಡತದಲ್ಲಿರುತ್ತದೆ. ಬಂದ ಪುಡಿ, ಬಳಸಿದ ಪುಡಿ ‘ಸಾಠಾ ನೋಂದವಹಿ’ಯಲ್ಲಿ, ಅಂದರೆ ದಾಸ್ತಾನು ಪುಸ್ತಕದಲ್ಲಿ ಇರಬೇಕು. ನೀರಿನ ಮಾದರಿಯ ಪರೀಕ್ಷೆಯ ಫಲ ಮೂರನೆಯ ಕಾಗದದಲ್ಲಿ ಬರುತ್ತದೆ. ಈ ಮೂರನ್ನೂ ಒಟ್ಟಿಗೆ ತರಿಸಿ ಪಕ್ಕಪಕ್ಕದಲ್ಲಿ ಇಟ್ಟು ಓದಿದ ಸದಸ್ಯೆಗೆ ಪುಡಿ ನೀರಿಗೆ ಬಿತ್ತೋ, ಬಿಲ್ಲಿನಲ್ಲಿಯೇ ಉಳಿಯಿತೋ ಎಂಬುದು ತಿಳಿಯುತ್ತದೆ. ರಸ್ತೆ, ಚರಂಡಿಗಳ ವಿಷಯದಲ್ಲಿ ಇದೇ ಪಾತ್ರವನ್ನು ‘ಮೋಜಮಾಪ ಪುಸ್ತಕ’, ಅಂದರೆ ಅಳತೆ ಪುಸ್ತಕ ವಹಿಸುತ್ತದೆ. ಪುಸ್ತಕದ ಅಳತೆಗೂ ನೆಲದ ಅಳತೆಗೂ ನಡುವೆ ಒಂದು ಟೇಪು ಹಿಡಿದರೆ ಸಾಕು.

ಅಹವಾಲ

ಪ್ರಶ್ನೆ, ವಿವರಣೆ, ವಿಚಾರಣೆ ಮುಗಿದ ಮೇಲೆ ಬರಬೇಕಾದದ್ದು ಅಹವಾಲ. 1958ರ ಗ್ರಾಮಪಂಚಾಯತ ಕಾಯಿದೆ ಇದನ್ನು ಜನರ ಮುಂದೆಯೇ ತರಿಸುತ್ತದೆ. ಪ್ರತಿ ಆರ್ಥಿಕ ವರ್ಷದ ಮೊದಲ ಗ್ರಾಮಸಭೆಯಲ್ಲಿ ವಾರ್ಷಿಕ ಲೆಕ್ಕಪತ್ರ, ಹಿಂದಿನ ವರ್ಷದ ಆಡಳಿತ ವರದಿ, ಆ ವರ್ಷ ಮಾಡಬೇಕೆಂದಿರುವ ಕೆಲಸಗಳು, ಕೊನೆಯ ಲೆಕ್ಕಪರಿಶೋಧನೆಯ ಟಿಪ್ಪಣಿ, ಅದಕ್ಕೆ ಕೊಟ್ಟ ಉತ್ತರಗಳು, ಇವಿಷ್ಟನ್ನೂ ಪಂಚಾಯತಿ ಮಂಡಿಸಬೇಕು. ವರ್ಷಕ್ಕೆ ಕನಿಷ್ಠ ನಾಲ್ಕು ಗ್ರಾಮಸಭೆಗಳು ನಡೆಯಬೇಕು. ಮತದಾರರಲ್ಲಿ ನೂರಕ್ಕೆ 15 ಅಥವಾ 100 ಜನ, ಇವೆರಡರಲ್ಲಿ ಕಡಿಮೆಯಾದಷ್ಟು ಜನ ಸೇರಿದರೆ ಕೋರಂ. ಗ್ರಾಮಸಭೆಗೆ ಮುಂಚೆ ಮಹಿಳೆಯರ ಪ್ರತ್ಯೇಕ ಸಭೆಯೂ ನಡೆಯಬೇಕು. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳಲ್ಲಿ 2011ರಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ.

ಆಡಳಿತ ಯಾವುದಕ್ಕೂ ಬಗ್ಗದಿದ್ದಾಗ ಕೊನೆಯ ಅಸ್ತ್ರವೊಂದಿದೆ. ಮಹಾನಗರಪಾಲಿಕೆಯ ಒಟ್ಟು ಸದಸ್ಯರಲ್ಲಿ ಎಂಟನೇ ಐದು ಭಾಗದಷ್ಟು ಜನ ಮತ ಹಾಕಿದರೆ ರಾಜ್ಯ ಸರಕಾರ ಆಯುಕ್ತರನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು ಎಂದು ಕಾಯಿದೆ ಹೇಳುತ್ತದೆ. 2016ರ ಅಕ್ಟೋಬರಿನಲ್ಲಿ ನವಿ ಮುಂಬಯಿಯ ಸದಸ್ಯರು ನೂರಕ್ಕೂ ಹೆಚ್ಚು ಮತಗಳಿಂದ ಇಂಥ ಠರಾವು ಮಾಡಿದರು. ಆದರೂ ಆಯುಕ್ತರು ಮರುವರ್ಷದ ಮಾರ್ಚಿನವರೆಗೆ ಅದೇ ಹುದ್ದೆಯಲ್ಲಿದ್ದರು. ದೊಡ್ಡ ಅಸ್ತ್ರ ಯಾವಾಗಲೂ ಗುರಿ ಮುಟ್ಟುವುದಿಲ್ಲ. ತಿಂಗಳು ತಿಂಗಳು ಕೇಳುವ ಸಣ್ಣ ಪ್ರಶ್ನೆಗಳ ಬಲ ಬೇರೆ.

ಠರಾವಿಗೂ ಗಡಿ ದಾಟುವ ದನಿ ಬರಬಲ್ಲದು ಎಂಬುದಕ್ಕೆ ಜತ್ತ ತಾಲೂಕು ಸಾಕ್ಷಿ. ನೀರಿನ ಅಭಾವದಿಂದ ಬೇಸತ್ತ ಅಲ್ಲಿಯ ಹಲವು ಗ್ರಾಮಪಂಚಾಯತಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವೆಂಬ ಹಳೆಯ ಸಂಗತಿ 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳ ನಾಯಕರ ಮಾತಿನಲ್ಲಿ ಮತ್ತೆ ಬಂತು. ಗಡಿಯ ವಾದ ಒಂದು ಕಡೆಗಿರಲಿ. ಆ ಠರಾವಿನ ಒಳಗಿದ್ದ ಪ್ರಶ್ನೆ ನೀರಿನದಾಗಿತ್ತು. ಅದಾದ ಬಳಿಕ ಜತ್ತದ ಹಳ್ಳಿಗಳಿಗೆ ನೀರು ಕೊಡುವ ವಿಸ್ತರಿತ ಮ್ಹೈಸಾಳ ಯೋಜನೆಯ ಕಡೆಗೆ ಸರಕಾರದ ಗಮನ ಹರಿಯಿತು. ಹಳ್ಳಿಯ ಪುಸ್ತಕದಲ್ಲಿ ಬರೆದಿಟ್ಟ ಮಾತು ವರ್ಷಗಳ ಮೇಲೆಯೂ ಉತ್ತರ ಕೇಳಬಲ್ಲದು.

ಸದಸ್ಯರಿಲ್ಲದ ಸಭಾಗೃಹ

ಸದಸ್ಯರೇ ಇಲ್ಲದಿದ್ದರೆ ಏನಾಗುತ್ತದೆ? ಇದು ಕಲ್ಪನೆಯ ಪ್ರಶ್ನೆಯಾಗಿ ಉಳಿಯಲಿಲ್ಲ. 2017ರಲ್ಲಿ ಆಯ್ಕೆಯಾದ 102 ಸದಸ್ಯರ ಸೊಲ್ಲಾಪುರ ಮಹಾನಗರಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಜಿಲ್ಲಾ ಪರಿಷತ್ತಿನದೂ ಆಗಲೇ ಮುಗಿಯಿತು. ಅವಧಿ ತೀರುವ ಮುಂಚೆ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತದೆ. ಆದರೆ ಇತರ ಹಿಂದುಳಿದ ವರ್ಗಗಳ ಮೀಸಲಾತಿ ಮತ್ತು ಪ್ರಭಾಗ ರಚನೆಯ ವ್ಯಾಜ್ಯಗಳಲ್ಲಿ ಚುನಾವಣೆಗಳು ಸಿಕ್ಕಿಕೊಂಡವು. ಸರ್ವೋಚ್ಚ ನ್ಯಾಯಾಲಯ 2025ರ ಮೇ 6ರಂದು ಚುನಾವಣೆ ನಡೆಸಲು ಆದೇಶಿಸುವ ಹೊತ್ತಿಗೆ ಮೂರು ವರ್ಷಗಳು ಕಳೆದಿದ್ದವು. ಅಷ್ಟು ಕಾಲ ಆಯುಕ್ತರೇ ಆಡಳಿತಾಧಿಕಾರಿ. ಪ್ರಸ್ತಾವ ಮಾಡುವ ಕೈ ಮತ್ತು ಮಂಜೂರು ಮಾಡುವ ಕೈ ಒಂದೇ ಆಗಿತ್ತು. ಅವರು ಎಷ್ಟೇ ದಕ್ಷರಾಗಿರಲಿ, ಅಹವಾಲ ಕೇಳಲು ಸಭೆಯೇ ಇರಲಿಲ್ಲ. ಜನರ ಬಳಿ ಉಳಿದದ್ದು ಕನ್ನಡದ ಅರ್ಥದ ಅಹವಾಲು ಮಾತ್ರ: ಬಾಗಿಲ ಮುಂದೆ ಅರ್ಜಿ ಹಿಡಿದು ನಿಲ್ಲುವುದು.

ಎರಡು ಭಾಷೆಯ ಓದುಗರ ಹೊಣೆ

ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಅಂದರೆ ಕೊಡುವ ಅಹವಾಲು ಕನ್ನಡದಲ್ಲಿರಬಹುದು, ಪಡೆಯುವ ಅಹವಾಲ ಮರಾಠಿಯಲ್ಲಿಯೇ ಬರುತ್ತದೆ. ಕನ್ನಡ ಶಾಲೆಯಲ್ಲಿ ನಾಲ್ಕೈದು ತರಗತಿ ಓದಿ, ಮೀಸಲಾತಿಯಿಂದ ಸದಸ್ಯೆಯಾದ ಹೆಣ್ಣುಮಗಳ ಕೈಗೆ ಲೆಕ್ಕಪರಿಶೋಧನೆಯ ಮರಾಠಿ ಟಿಪ್ಪಣಿ ಬಂದಾಗ ಆಕೆ ಅದನ್ನು ಯಾರಿಂದ ಓದಿಸಬೇಕು? ಯಾರ ಲೆಕ್ಕವನ್ನು ಪ್ರಶ್ನಿಸಬೇಕೋ ಅವರಿಂದಲೇ ಓದಿಸಿಕೊಂಡರೆ ಪರಿಶೀಲನೆ ಅಲ್ಲಿಗೇ ನಿಲ್ಲುತ್ತದೆ.

ಈ ಭಾಗದ ಕನ್ನಡ ಐಚ್ಛಿಕ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ರೂಢಿ. ಪದದ ವ್ಯುತ್ಪತ್ತಿ, ಅರ್ಥವ್ಯತ್ಯಾಸಗಳನ್ನು ಅವರು ಭಾಷಾಶಾಸ್ತ್ರದ ಪತ್ರಿಕೆಗೆ ಓದುತ್ತಾರೆ. ಆ ಓದು ತಮ್ಮ ಊರಿನ ಗ್ರಾಮಸಭೆಯಲ್ಲಿಯೂ ಕೆಲಸಕ್ಕೆ ಬರುತ್ತದೆ. ವರ್ಷದ ಮೊದಲ ಗ್ರಾಮಸಭೆಗೆ ಹೋಗಿ, ಮಂಡಿಸಬೇಕಾದ ಕಾಗದಗಳು ಮಂಡನೆಯಾದವೇ ಎಂದು ನೋಡಿ, ಇತಿವೃತ್ತವನ್ನು ನೆರೆಯ ಸದಸ್ಯೆಗೆ ಕನ್ನಡದಲ್ಲಿ ಓದಿ ಹೇಳಿದರೆ ಅದು ಯಾವ ಸಂಶೋಧನೆಗೂ ಕಡಿಮೆಯಾದ ಕೆಲಸವಲ್ಲ. ಸೊನ್ನಲಿಗೆಯ ಸಿದ್ಧರಾಮರು ಜನರೊಡಗೂಡಿ ಕಟ್ಟಿಸಿದ ಕೆರೆಯನ್ನು ಈ ನಾಡು ಇನ್ನೂ ನೆನೆಯುತ್ತದೆ. ಕಟ್ಟಿದ ಕೆರೆಗೆ ನೀರು ಬಂತೇ, ಬಂದ ನೀರು ಎಲ್ಲಿಗೆ ಹೋಯಿತು ಎಂದು ಕೇಳುವವರೂ ಬೇಕು. ಕೇಳುವವರಿಗೆ ಕಾಗದ ಓದಲು ಬರಬೇಕು.